ಜಪಾನ್ ಸಾಹೇಬರ ಆಟದ ಹಾಳೆ

ಜಪಾನ್ ಸಾಹೇಬರು ತೀರಿಕೊಂಡರೆಂದು ಅವರ ಮಗಳು ಕಳೆದ ತಿಂಗಳು ಫೋನ್ ಮಾಡಿದಳು. ಸುದ್ದಿ ಹೇಳಿ, ಸ್ವಲ್ಪ ಅತ್ತು, ಮೂಗು ಒರೆಸಿಕೊಂಡು, "ಆಂಟಿ, ಬಿಸ್ಕತ್ತಿನ ಡಬ್ಬಿಗಳೇ ಇಪ್ಪತ್ತೆರಡು ಉಂಟು. ಎಲ್ಲ ಬಾಪನ ಕಾರ್ಡುಗಳು. ಎಂತ ಮಾಡುವುದು ಇದನ್ನೆಲ್ಲ?" ಎಂದು ಕೇಳಿದಳು. "ಮೊದಲು ಕೈ ತೊಳೆದುಕೋ. ಚೆನ್ನಾಗಿ ಒರೆಸಿಕೋ. ಆಮೇಲೆ ಮುಟ್ಟು" ಎಂದೆ. ಅಳುವಿನ ನಡುವೆಯೂ ಅವಳು ನಕ್ಕಳು. ಆ ಮನೆಯಲ್ಲಿ ಬೆಳೆದವಳಿಗೆ ಅದನ್ನು ನಾನು ಹೇಳಿಕೊಡಬೇಕಾಗಿರಲಿಲ್ಲ.

ಸಾಹೇಬರು ಜಪಾನಿನವರಲ್ಲ. ಜಪಾನಿಗೆ ಹೋದವರೂ ಅಲ್ಲ. ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು. ದೋಹಾದಲ್ಲಿ ಒಂದು ಕಾಂಟ್ರಾಕ್ಟ್ ಕಂಪನಿಯ ಸ್ಟೋರ್ ಕೀಪರ್. ಆ ಊರಿನಲ್ಲಿ ನಮ್ಮ ಕಡೆಯ ಸಾಹೇಬರು ಲೆಕ್ಕವಿಲ್ಲದಷ್ಟು ಇದ್ದುದರಿಂದ ಒಬ್ಬೊಬ್ಬರಿಗೆ ಒಂದೊಂದು ಗುರುತು ಬೇಕಾಗಿತ್ತು. ಕ್ಯಾಸೆಟ್ ಸಾಹೇಬರು, ಟಯರ್ ಸಾಹೇಬರು, ಹೀಗೆ. ಇವರು ಹಳೆಯ ಜಪಾನಿ ಕಾಗದ ಕೂಡಿಡುತ್ತಿದ್ದರು, ಹಾಗಾಗಿ ಜಪಾನ್ ಸಾಹೇಬರು. ಆ ಹೆಸರನ್ನು ಅವರು ಬಿರುದಿನ ಹಾಗೆ ಇಟ್ಟುಕೊಂಡಿದ್ದರು. ಫೋನ್ ಎತ್ತಿದರೆ ತಾವೇ "ಜಪಾನ್ ಸ್ಪೀಕಿಂಗ್" ಎನ್ನುತ್ತಿದ್ದರು.

ಕುವೈತ್ ಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು, ಮದುವೆಯಾಗಿ ನಾನು ದೋಹಾಕ್ಕೆ ಬಂದಾಗ. ಮದೀನತ್ ಖಲೀಫಾದ ಒಂದು ವಿಲ್ಲಾವನ್ನು ಮಾಲೀಕರು ಪ್ಲೈವುಡ್ ಹೊಡೆಸಿ ಐದು ಭಾಗ ಮಾಡಿದ್ದರು. ಅದರಲ್ಲಿ ಒಂದು ಭಾಗ ನಮ್ಮದು, ಪಕ್ಕದ್ದು ಸಾಹೇಬರದು. ನಾನು ಹಾಕಿದ ಒಗ್ಗರಣೆಗೆ ಆಚೆ ಅವರು ಕೆಮ್ಮುತ್ತಿದ್ದರು. ನಾನು ಕುಂದಾಪುರದವಳು, ನನಗೆ ತುಳುವೂ ಬಾರದು, ಅವರ ಬ್ಯಾರಿ ಮಾತೂ ಬಾರದು. ಅದಕ್ಕೆ ಅವರು ನನ್ನೊಡನೆ ಮಂಗಳೂರಿನ ಕನ್ನಡದಲ್ಲೇ ಮಾತಾಡುತ್ತಿದ್ದರು, ಬಹಳ ಗತ್ತಿನಿಂದ.

ಮೊದಲ ಭೇಟಿ ನೆನಪಿದೆ. ಬಂದ ಮೂರನೆಯ ದಿನ ಬೆಣ್ಣೆ ಬಿಸ್ಕತ್ತಿನ ಖಾಲಿ ಡಬ್ಬಿಯನ್ನು ಹೊರಗಿನ ಕಸದ ತೊಟ್ಟಿಗೆ ಹಾಕಿ ಒಳಗೆ ಬಂದಿದ್ದೆ. ಹತ್ತು ನಿಮಿಷಕ್ಕೆ ಬಾಗಿಲು ತಟ್ಟಿದ ಸದ್ದು. ಇಸ್ತ್ರಿ ಮಾಡಿದ ಅಂಗಿ, ಎತ್ತರದ ಆಳು, ಕೈಯಲ್ಲಿ ನನ್ನದೇ ಡಬ್ಬಿ.

"ಇದು ನಿಮ್ಮದಾ ತಂಗಿ?"

ಕಸ ಹಾಕಿದ್ದೇ ತಪ್ಪಾಯಿತೇನೋ ಎಂದು ಹೆದರಿ ಹೌದು ಎಂದೆ.

"ಇನ್ನು ಬಿಸಾಡುವುದು ಬೇಡ. ಖಾಲಿಯಾದ ಕೂಡಲೇ ಇಲ್ಲಿಗೆ ಕೊಡಿ. ಮತ್ತೆ ಟಿವಿ, ಟೇಪ್‌ರೆಕಾರ್ಡರ್ ತಗೊಂಡ್ರೆ ಬಾಕ್ಸಿನ ಒಳಗೆ ಹರಳಿನ ಸಣ್ಣ ಪೊಟ್ಟಣ ಇರ್ತದೆ ನೋಡಿ, ಥಂಡಿ ಎಳೆಯುವಂಥದ್ದು. ಅದು ನನಗೆ. ಟಿವಿ ನೀವು ಇಟ್ಟುಕೊಳ್ಳಿ."

ಆಮೇಲೆ ತಿಳಿಯಿತು, ನಮ್ಮ ಕಡೆಯ ಐವತ್ತು ಮನೆಗಳ ಡಬ್ಬಿಗಳೂ ಪೊಟ್ಟಣಗಳೂ ಆ ಮನೆಗೇ ಹೋಗುತ್ತಿದ್ದವು. ಅಲ್ ಅಜೀಜಿಯಾದಲ್ಲಿ ಯಾರೋ ಹೊಸ ಫ್ರಿಜ್ ಕೊಂಡರೆ ಇವರಿಗೆ ಮೊದಲು ಗೊತ್ತಾಗುತ್ತಿತ್ತು. ಹಾಗೆಯೇ ಬಳಸಿದ ಲಕೋಟೆಗಳು. ಆ ಊರಿನಲ್ಲಿ ಅಂಚೆಯವನು ಮನೆಗೆ ಬರುವುದಿಲ್ಲ, ಎಲ್ಲರ ಪತ್ರವೂ ಕಂಪನಿಯ ಅಂಚೆ ಪೆಟ್ಟಿಗೆಗೇ ಬರಬೇಕು. ಸಾಹೇಬರು ಆಫೀಸಿನ ಹುಡುಗಿಯರನ್ನೆಲ್ಲ ಒಲಿಸಿಕೊಂಡು ಲಕೋಟೆಯ ಮೂಲೆಗಳನ್ನು ಕತ್ತರಿಸಿ ತರುತ್ತಿದ್ದರು. ಬಾತ್‌ರೂಮಿನ ಬಕೆಟ್ಟಿನಲ್ಲಿ ನೆನೆಸಿ, ಸ್ಟಾಂಪು ಬಿಡಿಸಿ, ಹಳೆಯ ಪೇಪರಿನ ಮೇಲೆ ಸಾಲಾಗಿ ಒಣಗಿಸಿ, ಜಪಾನಿನ ನಾಲ್ಕಾರು ಹವ್ಯಾಸಿಗಳಿಗೆ ಕಳಿಸುತ್ತಿದ್ದರು. ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಹೆಸರು ಕೊಟ್ಟು ಸಂಪಾದಿಸಿದ ಸ್ನೇಹ ಅದು. ಗಲ್ಫಿನ ಸ್ಟಾಂಪು ಅಲ್ಲಿಗೆ, ಅಜ್ಜಂದಿರ ಕಾಲದ ಕಾರ್ಡು ಇಲ್ಲಿಗೆ. ದುಡ್ಡು ಕೊಟ್ಟು ಒಂದು ಚೂರನ್ನೂ ಕೊಂಡವರಲ್ಲ. ಕೊಂಡರೆ ಅದು ಅಂಗಡಿ ಆಗುತ್ತದಂತೆ.

ಶುಕ್ರವಾರ ಜುಮಾ ನಮಾಜು, ಊಟ, ಒಂದು ನಿದ್ದೆ ಎಲ್ಲ ಆದ ಮೇಲೆ ನಾಲ್ಕು ಗಂಟೆಗೆ ಕಾರ್ಡುಗಳ ದರ್ಶನ. ಕೈ ತೊಳೆಯಬೇಕು. ಅತ್ತರು ಹಚ್ಚಿ ಬಂದವರು ದೂರ ಕೂರಬೇಕು. ಚಹಾ ಆ ಕೋಣೆಗೆ ಬರುವಂತಿಲ್ಲ. "ಕಾಗದಕ್ಕೆ ನೀರು ಆಗುವುದಿಲ್ಲ, ಬಿಸಿಲು ಆಗುವುದಿಲ್ಲ, ಸಂಬಂಧಿಕರು ಮೊದಲೇ ಆಗುವುದಿಲ್ಲ" ಎಂದು ಹೇಳಿಕೊಂಡೇ ಡಬ್ಬಿಯ ಮುಚ್ಚಳ ತೆಗೆಯುವರು. ಒಂದೊಂದೇ ಕಾರ್ಡನ್ನು ಎರಡು ಬೆರಳಲ್ಲಿ ಅಂಚು ಹಿಡಿದು ಎತ್ತಿ ತೋರಿಸುವರು. ಕೊಡೆ ಹಿಡಿದ ಹೆಂಗಸರು, ಟ್ರಾಮು ಓಡುವ ಬೀದಿ, ಭೂಕಂಪದಲ್ಲಿ ಕುಸಿದ ಪೇಟೆ, ಕೈಯಿಂದ ಬಣ್ಣ ತುಂಬಿದ ಚೆರ್ರಿ ಹೂವು. ಇನ್ನೊಂದು ಡಬ್ಬಿಯಲ್ಲಿ ಯುದ್ಧದ ಕಾಲದ್ದು: ಸಕ್ಕರೆಯ ರೇಷನ್ ಚೀಟಿ, ಬೆಂಕಿಪೊಟ್ಟಣದ ಲೇಬಲ್ಲು, ವಿಮಾನದಿಂದ ಉದುರಿಸಿದ ಕರಪತ್ರ, ಸಿಪಾಯಿಗಳು ದೂರದ ರಣರಂಗದಿಂದ ಮನೆಗೆ ಬರೆದ ಕಾರ್ಡುಗಳು. ಆ ಕಾರ್ಡುಗಳ ಮೇಲೆ ಸೆನ್ಸಾರಿನ ಕೆಂಪು ಮೊಹರು ಇರುತ್ತಿತ್ತು. "ಇವ ಮನೆಗೆ ಮುಟ್ಟಿದನಾ ಇಲ್ಲವಾ ಗೊತ್ತಿಲ್ಲ, ಇವನ ಕಾರ್ಡು ಮಾತ್ರ ನಮ್ಮ ಮನೆಗೆ ಮುಟ್ಟಿತು" ಎಂದು ಸಾಹೇಬರು ಅದನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಿರುತ್ತಿದ್ದರು.

ಅವರಿಗೆ ಸಂಶಯ ಎಂಬುದು ಇರಲಿಲ್ಲ. ಜಪಾನಿ ಅಕ್ಷರಮಾಲೆಯೊಂದನ್ನು ತಾವೇ ಕಲಿತುಕೊಂಡು ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದರು. ಜಪಾನಿನವರದೊಂದು ಇಸ್ಪೀಟು ಇದೆ. ಒಬ್ಬರು ಒಂದು ಸಾಲು ಓದುತ್ತಾರೆ, ಉಳಿದವರು ಅದಕ್ಕೆ ಸರಿಯಾದ ಚಿತ್ರದ ಎಲೆಯನ್ನು ಮೊದಲು ಹೊಡೆದು ಹಿಡಿಯಬೇಕು. ಅದರ ಝೆರಾಕ್ಸ್ ಮಾಡಿ ರಟ್ಟಿಗೆ ಅಂಟಿಸಿ ನಮ್ಮನ್ನು ಆಡಲು ಕೂರಿಸುತ್ತಿದ್ದರು. ಓದುವವರು ಅವರೇ, ನಮಗೊಂದು ಅಕ್ಷರ ಗೊತ್ತಿಲ್ಲ. ಯಾವುದನ್ನು ಹೊಡೆದರೂ "ತಪ್ಪು" ಎಂದು ತೀರ್ಪು ಕೊಟ್ಟು ತಾವೇ ಎಲೆ ಎತ್ತಿಕೊಳ್ಳುತ್ತಿದ್ದರು. ನನ್ನ ಗಂಡ ಒಮ್ಮೆ, "ಸಾಹೇಬ್ರೆ, ಸರಿ ಯಾವುದು ಅಂತ ನಿಮಗಾದ್ರೂ ಗೊತ್ತುಂಟಾ?" ಎಂದು ಕೇಳಿದರು. "ಗೊತ್ತಿರುವವರು ಬರುವವರೆಗೆ ನಾನು ಹೇಳಿದ್ದೇ ಸರಿ" ಎಂದರು.

ಅವರ ಹೆಂಡತಿಗೆ ಈ ಸಂಪತ್ತಿನ ಬಗ್ಗೆ ಬೇರೆ ಅಭಿಪ್ರಾಯವಿತ್ತು. ಇದ್ದದ್ದು ಒಂದೂವರೆ ಕೋಣೆ, ಮಂಚದ ಅಡಿಯೆಲ್ಲ ಡಬ್ಬಿ. "ನನ್ನ ಮದುವೆ ಸೀರೆ ಹೊರಗೆ ಬಿಸಿಲಲ್ಲಿ, ಇವರ ಸಿಪಾಯಿಗಳು ಎಸಿಯಲ್ಲಿ. ಮೀನು ಹುರಿಯಬೇಕಾದರೂ ನಾನು ಜಪಾನಿನವರ ಪರ್ಮಿಶನ್ ಕೇಳಬೇಕು" ಎಂದು ನನ್ನ ಬಳಿ ದೂರುವರು. ಆದರೆ ಡಬ್ಬಿಗಳ ಪೊಟ್ಟಣ ಬದಲಿಸುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತಿದ್ದವರು ಅವರೇ.

ಒಮ್ಮೆ ಅಂಚೆ ಕಚೇರಿಯಲ್ಲಿ, ಜಪಾನಿನಿಂದ ಬಂದ ಒಂದು ಪಾರ್ಸೆಲ್ಲನ್ನು ಬಿಚ್ಚಿ ತೋರಿಸಬೇಕಾಗಿ ಬಂತು. ನಾವೂ ಜೊತೆಗಿದ್ದೆವು. ಕಿಟಕಿಯ ಆಚೆಗಿದ್ದ ಅರಬ್ಬಿ ಅಧಿಕಾರಿ ಸಿಪಾಯಿಗಳ ಕಾರ್ಡು ತಿರುಗಿಸಿ ನೋಡಿ "ಶುನು ಹಾದಾ?" ಎಂದ. ಇದೇನು ಎಂದು. ಸಾಹೇಬರು ತಮ್ಮ ಅರಬಿ, ಹಿಂದಿ, ಕೈಸನ್ನೆ ಎಲ್ಲ ಸೇರಿಸಿ, ಯುದ್ಧ ಖಲಾಸ್, ಈ ಮನುಷ್ಯರೂ ಖಲಾಸ್, ಕಾಗದ ಮಾತ್ರ ಉಳಿದಿದೆ ಎಂದು ವಿವರಿಸಿದರು. ಅವನು ಒಂದೊಂದನ್ನೂ ಓದಿಸಿ ಕೇಳಿದ. ಇವರು ತಪ್ಪೋ ಸರಿಯೋ ಓದಿದರು. ಅರ್ಧ ಗಂಟೆಯಾದ ಮೇಲೆ ಚಹಾ ತರಿಸಿದ. ಹಿಂದೆ ಸಾಲಿನಲ್ಲಿ ನಿಂತ ಮಲಯಾಳಿಗಳು ಗೊಣಗುತ್ತಿದ್ದರು, ಸಾಹೇಬರು ತಿರುಗಿಯೂ ನೋಡಲಿಲ್ಲ.

ಇಷ್ಟೆಲ್ಲ ಹುಚ್ಚು ಎಲ್ಲಿಂದ ಬಂತು ಎಂದು ನಾನು ಕೇಳಿದ್ದು ಒಂದು ವರ್ಷ ಕಳೆದ ಮೇಲೆ. ಅಂದು ಅವರು ಮಂಚದಡಿಯಿಂದ ಡಬ್ಬಿಯಲ್ಲ, ಚಪ್ಪಟೆಯಾದ ಒಂದು ರಟ್ಟಿನ ಕವಚ ತೆಗೆದರು. ಒಳಗೆ ಕ್ಯಾಲೆಂಡರಿನಷ್ಟು ದೊಡ್ಡ, ಮಡಚಿದ ಗುರುತಿದ್ದ ಬಣ್ಣದ ಹಾಳೆ. ತುಂಬ ಸಣ್ಣ ಸಣ್ಣ ಚೌಕಗಳು. ಹಡಗು, ವಿಮಾನ, ಆನೆ, ತೆಂಗಿನ ಮರದ ಕೆಳಗೆ ಕೈ ಬೀಸುವ ಒಬ್ಬ ಕಪ್ಪು ಮನುಷ್ಯ. ಮೇಲೆ ಕೆಂಪು ಸೂರ್ಯನ ಬಾವುಟ. ಎಲ್ಲ ಕಡೆ ಜಪಾನಿ ಅಕ್ಷರ.

ಸಾಹೇಬರ ತಂದೆ ಮದುವೆಯಾದ ಹೊಸತರಲ್ಲೇ ಮಲಯದ ಪೆನಾಂಗಿಗೆ ಅಡಿಗೆಯ ಕೆಲಸಕ್ಕೆ ಹೋಗಿದ್ದರು. ಯುದ್ಧ ಬಂದು, ಜಪಾನಿನವರು ಬಂದು, ದಾರಿ ಮುಚ್ಚಿ, ಒಟ್ಟು ಎಂಟು ವರ್ಷ ಅಲ್ಲೇ ಉಳಿದರು. ಊರಿಗೆ ಮರಳಿದಾಗ ಪೆಟ್ಟಿಗೆಯಲ್ಲಿ ಎರಡು ಜೊತೆ ಬಟ್ಟೆ ಮತ್ತು ಈ ಹಾಳೆ ಇತ್ತು. ಮಾತು ಕಡಿಮೆಯ ಮನುಷ್ಯ. ಸಾಹೇಬರಿಗೆ ಹನ್ನೆರಡಾಗುವಾಗ ತೀರಿಕೊಂಡರು. ಹಾಳೆಗೆ ಉಮ್ಮ, ಅಂದರೆ ಸಾಹೇಬರ ತಾಯಿ, ಗಾಜು ಹಾಕಿಸಿ ಗೋಡೆಗೆ ತೂಗಿದ್ದರು. ಅದು ಜಪಾನ್ ಸರಕಾರದ ಸರ್ಟಿಫಿಕೇಟು ಎಂದು ದೊಡ್ಡಪ್ಪ ಊರಿಗೆಲ್ಲ ಹೇಳಿದರು. ಕಾಯಿಲೆ ಬಿದ್ದ ಸೇನಾಧಿಕಾರಿಯೊಬ್ಬನನ್ನು ತಂದೆ ಗಂಜಿ ಕೊಟ್ಟು ಬದುಕಿಸಿದರಂತೆ, ಅದಕ್ಕೆ ಕೊಟ್ಟದ್ದಂತೆ. ಕೆಂಪು ಸೂರ್ಯ ಸರಕಾರದ ಸೀಲು. ತೆಂಗಿನ ಮರದ ಕೆಳಗೆ ನಿಂತವರು ತಂದೆಯೇ. ನೆಂಟರು ಬಂದಾಗಲೆಲ್ಲ ಮಕ್ಕಳು ಓಡಿಹೋಗಿ ಅವರನ್ನು ಬೆರಳಿಟ್ಟು ತೋರಿಸುತ್ತಿದ್ದರು. ಉಮ್ಮ ವಾರಕ್ಕೊಮ್ಮೆ ಗಾಜು ಒರೆಸುತ್ತಿದ್ದರು.

ಗಲ್ಫಿಗೆ ಹೋದವರಿಗೆ ಸರ್ಟಿಫಿಕೇಟು ಎಂದರೆ ಅಟೆಸ್ಟ್ ಆಗಬೇಕು. ಮದುವೆಯದ್ದು, ಹುಟ್ಟಿದ್ದು, ಓದಿದ್ದು, ಎಲ್ಲದಕ್ಕೂ ತರ್ಜುಮೆ, ಸೀಲು, ಅದರ ಮೇಲೊಂದು ಸೀಲು. ಆ ಅಭ್ಯಾಸದಿಂದ ಸಾಹೇಬರು ಒಂದು ರಜೆಯಲ್ಲಿ ಹಾಳೆಯನ್ನು ಗೋಡೆಯಿಂದ ಇಳಿಸಿದರು. "ಉಮ್ಮ, ಇದನ್ನು ದೋಹಾದಲ್ಲಿ ಅಟೆಸ್ಟ್ ಮಾಡಿಸಿ ತರ್ತೇನೆ, ಅಲ್ಲಿ ಜಪಾನಿಗಳೇ ಇದ್ದಾರೆ" ಎಂದರು. ಉಮ್ಮ ಬೇಡವೆನ್ನಲಿಲ್ಲ. ಸೈಟಿನಲ್ಲಿ ಒಬ್ಬ ಜಪಾನಿ ಇಂಜಿನಿಯರ್ ಇದ್ದ. ಹಾಳೆ ಬಿಡಿಸಿ ನೋಡಿದವನು ಸಂತೋಷದಿಂದ ಕೈ ತಟ್ಟಿದ. ಇದು ಸುಗೊರೊಕು. ಹೊಸವರ್ಷಕ್ಕೆ ಮಕ್ಕಳು ದಾಳ ಹಾಕಿ, ಕಾಯಿ ನಡೆಸಿ ಆಡುವ ಆಟ. ನಮ್ಮ ಹಾವು ಏಣಿಯ ಹಾಗೆ. ಯುದ್ಧದ ಕಾಲದಲ್ಲಿ ಮಕ್ಕಳ ಪತ್ರಿಕೆಯ ಜೊತೆ ಪುಕ್ಕಟೆ ಬರುತ್ತಿತ್ತು. ತೆಂಗಿನ ಮರದ ಚೌಕದಲ್ಲಿ ಏನು ಬರೆದಿದೆ ಎಂದು ಸಾಹೇಬರು ಕೇಳಿದರು. "ದಕ್ಷಿಣ ದ್ವೀಪದ ಜನ ಸ್ವಾಗತಿಸುತ್ತಾರೆ. ಎರಡು ಮನೆ ಮುಂದೆ ಹೋಗು" ಎಂದು ಅವನು ಓದಿ ಹೇಳಿದ.

"ಸ್ಟೋರಿನ ಒಳಗೆ ಹೋಗಿ ಸಿಮೆಂಟಿನ ಚೀಲದ ಮೇಲೆ ಕೂತೆ ತಂಗಿ. ಮೊದಲು ನಗೆ ಬಂತು. ಆಮೇಲೆ ಬರಲಿಲ್ಲ" ಎಂದರು ಸಾಹೇಬರು. "ಒಂದು ಕಾಗದ ಓದ್ಲಿಕ್ಕೆ ಬಾರದೆ ಇಷ್ಟು ವರ್ಷ ಮರ್ಯಾದೆಯಲ್ಲಿ ಬದುಕಿದೆವಲ್ಲ. ಇನ್ನು ಯಾವ ಜಪಾನಿ ಕಾಗದವೂ ನನ್ನನ್ನು ಮೋಸ ಮಾಡಬಾರದು ಅಂತ ಅವತ್ತಿನಿಂದ ಶುರು ಮಾಡಿದ್ದು."

ಉಮ್ಮನಿಗೆ ಹೇಳಿರಲಿಲ್ಲ. ಪ್ರತಿ ರಜೆಯಲ್ಲಿ ಅವರು ಕೇಳುವುದು, ಇವರು "ಆಗ್ತಾ ಉಂಟು, ಇನ್ನೊಂದು ಸೀಲು ಬಾಕಿ" ಎನ್ನುವುದು. ಎಂಟು ವರ್ಷದಿಂದ ಒಂದು ಸೀಲು ಬಾಕಿ ಇತ್ತು. ಆ ಹಾಳೆಯನ್ನು ಆಡಲು ಮಾತ್ರ ಅವರು ಯಾರಿಗೂ ಕೊಡಲಿಲ್ಲ. ಬೇರೆ ಆಟಗಳ ಹಾಗೆ ಅದರ ಝೆರಾಕ್ಸ್ ಕೂಡ ಮಾಡಿಸಲಿಲ್ಲ. ತಂದೆ ಮುಟ್ಟಿದ ವಸ್ತು ಎಂದು ಲೋಕದಲ್ಲಿ ಉಳಿದದ್ದು ಅದೊಂದೇ ಎನ್ನುತ್ತಿದ್ದರು. ಮೂಗಿಗೆ ಹಿಡಿದರೆ ಮರದ ಪೆಟ್ಟಿಗೆಯ ವಾಸನೆ ಬರುತ್ತಿತ್ತು. ನನಗೂ ಒಮ್ಮೆ ಮೂಸಲು ಕೊಟ್ಟಿದ್ದರು.

ಆಮೇಲೆ ಉಮ್ಮನ ಕಣ್ಣು ಮಂಜಾಗುತ್ತಾ ಬಂತು. ಸಾಹೇಬರು ರಾಜೀನಾಮೆ ಬರೆದು ಕೊಟ್ಟರು. ಫೈನಲ್ ಎಕ್ಸಿಟ್, ಇನ್ನು ಊರಿಗೇ. ಡಬ್ಬಿಗಳೆಲ್ಲ ಕಾರ್ಗೋದಲ್ಲಿ ಹೋಗಲು ಸಿದ್ಧವಾದವು. ಹಾಳೆ ಮಾತ್ರ ಕೈಯಲ್ಲೇ. ಇನ್ನು ಸುಳ್ಳು ಮುಂದೂಡಲು ರಜೆಗಳಿಲ್ಲ. ಒಂದು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಆಗ ನಾನು ಒಂದು ಇಂಜಿನಿಯರಿಂಗ್ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ.

"ತಂಗಿ, ಒಂದು ಉಪಕಾರ ಆಗಬೇಕು. ಒಂದು ತರ್ಜುಮೆ ಟೈಪ್ ಮಾಡಿ ಕೊಡಿ. ಇಂಥಿಂಥವರು ಕಷ್ಟಕಾಲದಲ್ಲಿ ತೋರಿಸಿದ ಧೈರ್ಯಕ್ಕೆ ಮೆಚ್ಚಿ ಕೊಟ್ಟದ್ದು ಅಂತ. ಇಂಗ್ಲಿಷಲ್ಲಿ ಸಾಕು, ಉಮ್ಮನಿಗೆ ನಾನು ಓದಿ ಹೇಳ್ತೇನೆ. ಸೀಲು ಮಾತ್ರ ದೊಡ್ಡದಿರಲಿ, ಅವರಿಗೆ ಕಾಣಬೇಕು."

"ಸುಳ್ಳು ಸರ್ಟಿಫಿಕೇಟಾ ಸಾಹೇಬ್ರೆ?" ಎಂದೆ. ಕಾಗದದ ವಿಷಯದಲ್ಲಿ ಒಂದು ಚುಕ್ಕಿಯ ವ್ಯತ್ಯಾಸ ಸಹಿಸದವರ ಬಾಯಲ್ಲಿ ಆ ಮಾತು ಬಂದದ್ದು ನನಗೆ ನಂಬಲಾಗಲಿಲ್ಲ.

"ಎಪ್ಪತ್ತೈದು ವರ್ಷದ ಹೆಂಗಸಿನ ಹತ್ರ, ನಿಮ್ಮ ಗಂಡ ತಂದದ್ದು ಮಕ್ಕಳ ಆಟದ ಕಾಗದ ಅಂತ ಹೇಗೆ ಹೇಳುವುದು ಹೇಳಿ. ಅವರ ಹತ್ರ ಇರುವುದು ಅದೊಂದೇ." ಕವಚ ನನ್ನ ಕೈಗೆ ಕೊಟ್ಟರು. "ಇದನ್ನು ನೋಡಿ ಅದರ ಅಂದಾಜಿಗೆ ಮಾಡಿ. ಸರ್ಟಿಫಿಕೇಟಿಗೆ ಎಂತೆಲ್ಲ ಮಾಡ್ತಾರೋ ಅದೆಲ್ಲ ಆಗಲಿ."

ಇಲ್ಲಿಂದ ಮುಂದೆ ಬರೆಯಲು ಈಗಲೂ ನನಗೆ ನಾಚಿಕೆ. ಮರುದಿನ ಒಳ್ಳೆಯ ಕಾಗದದಲ್ಲಿ ತರ್ಜುಮೆ ಟೈಪ್ ಮಾಡಿದೆ. ಭಾಷೆ ಗಂಭೀರವಾಗಿ ಬಂತು. ಡ್ರಾಯಿಂಗ್ ವಿಭಾಗದ ಗುಂಡನೆಯ ದೊಡ್ಡ ಸೀಲು ಒತ್ತಿದೆ. ಸರ್ಟಿಫಿಕೇಟಿಗೆ ಇನ್ನೇನು ಮಾಡುತ್ತಾರೆ? ಗಲ್ಫಿನಲ್ಲಿದ್ದ ಯಾರನ್ನಾದರೂ ಕೇಳಿ. ನನ್ನ ಬಿ.ಕಾಂ. ಪದವಿ, ನನ್ನ ಗಂಡನ ಡ್ರೈವಿಂಗ್ ಲೈಸೆನ್ಸಿನ ಪ್ರತಿ, ಮಗನ ಜನನ ಪತ್ರ, ಕೊನೆಗೆ ದೇವರ ಕೋಣೆಯ ಸ್ತೋತ್ರದ ಹಾಳೆ ಸಹ ಲ್ಯಾಮಿನೇಟ್ ಆಗಿತ್ತು, ನಮ್ಮ ಮನೆಯಲ್ಲಿ ಆಗದೆ ಉಳಿದದ್ದು ನಾವಿಬ್ಬರೇ. ಸೈಟಿಗೆ ಹೋಗುವ ನಕ್ಷೆಗಳಿಗೆಂದು ನಮ್ಮ ಆಫೀಸಿನಲ್ಲಿ ದೊಡ್ಡ ಲ್ಯಾಮಿನೇಶನ್ ಮೆಷಿನ್ ಇತ್ತು. ತರ್ಜುಮೆಯನ್ನು ಹಾಕಿದೆ. ಆಮೇಲೆ ಹಾಳೆಯ ಅಂಚು ಪುಡಿಯಾಗುತ್ತಿರುವುದು ಕಂಡಿತು. ಉಳ್ಳಾಲದ ಸಮುದ್ರದ ಗಾಳಿಗೆ ಇದು ಎಷ್ಟು ದಿನ ಬಾಳೀತು ಎನಿಸಿತು. ಸಾಹೇಬರಿಗೆ ನನ್ನ ಕಡೆಯಿಂದ ಒಂದು ಕಾಣಿಕೆಯಾಗಲಿ ಎಂದು ಅದನ್ನೂ ಮೆಷಿನ್ನಿಗೆ ಕೊಟ್ಟೆ. ಅವರು ಕಾಗದಕ್ಕೆ ಟೇಪು ಸಹ ಹಚ್ಚದವರು ಎಂದು ಗೊತ್ತಿದ್ದೂ ಕೊಟ್ಟೆ. ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ಆಚೆ ಕಡೆಯಿಂದ ಅದು ಬೆಚ್ಚಗೆ, ಹೊಳೆಯುತ್ತಾ ಹೊರಬಂತು. ನನಗೆ ಬಹಳ ಹೆಮ್ಮೆಯಾಗಿತ್ತು.

ಸಾಯಂಕಾಲ ಎರಡನ್ನೂ ಅವರ ಮುಂದೆ ಇಟ್ಟೆ. ಸಾಹೇಬರು ಕೈ ತೊಳೆದುಕೊಂಡು ಬಂದಿದ್ದರು. ಹಾಳೆಯನ್ನು ಮುಟ್ಟಿದರು. ಬೆರಳು ಪ್ಲಾಸ್ಟಿಕ್ಕಿನ ಮೇಲೆ ಜಾರಿತು. ಮೂಗಿನ ಹತ್ತಿರ ತಂದು, ಏನೂ ಸಿಗದೆ ಕೆಳಗಿಟ್ಟರು. ಮಡಿಕೆಯ ಉದ್ದಕ್ಕೂ ಗಾಳಿಗುಳ್ಳೆ ಎದ್ದಿತ್ತು.

"ಇದನ್ನು ತೆಗೀಲಿಕ್ಕೆ ಆಗ್ತದಾ ತಂಗಿ?"

ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು, ಆದರೂ ಕೇಳಿದರು. ಯಾವುದನ್ನೂ ನನ್ನನ್ನು ಕೇಳಿ ತಿಳಿದುಕೊಂಡವರಲ್ಲ, ಅದೊಂದನ್ನು ಕೇಳಿದರು. ನಾನು ಅಳತೊಡಗಿದೆ. ಅವರ ಹೆಂಡತಿ ಬಂದು ನೋಡಿ, ನನ್ನ ಬೆನ್ನ ಮೇಲೆ ಕೈಯಿಟ್ಟರು.

ಸಾಹೇಬರು ತರ್ಜುಮೆಯನ್ನು ಕೈಗೆತ್ತಿಕೊಂಡು ಪೂರ್ತಿ ಓದಿದರು. ಹರಿಯಲು ನೋಡಿದರು. ಹರಿಯಲಿಲ್ಲ. ಇನ್ನೊಮ್ಮೆ ಬಲ ಹಾಕಿದರು. ಲ್ಯಾಮಿನೇಶನ್ ಹರಿಯುವುದಿಲ್ಲವಲ್ಲ. ಕೊನೆಗೆ ಹೆಂಡತಿಯ ಕೈಯಿಂದ ಮೀನು ಕತ್ತರಿಸುವ ಕತ್ತರಿ ತರಿಸಿ, ನನ್ನ ಗಂಭೀರ ಭಾಷೆಯನ್ನೂ ಗುಂಡು ಸೀಲನ್ನೂ ಸಣ್ಣ ಸಣ್ಣ ಚೂರು ಮಾಡಿದರು. ಕಾಗದಕ್ಕೆ ಅವರು ಕತ್ತರಿ ಹಾಕಿದ್ದನ್ನು ನಾನು ನೋಡಿದ್ದು ಅವತ್ತು ಮಾತ್ರ. ಲಕೋಟೆಯ ಮೂಲೆಗಳ ಮಾತು ಬೇರೆ.

"ನೀವು ಅಳುವುದು ಬೇಡ. ಸರ್ಟಿಫಿಕೇಟ್ ಅಂತ ಹೇಳಿದ್ದು ನಾನು. ನೀವು ಸರ್ಟಿಫಿಕೇಟಿಗೆ ಮಾಡುವುದನ್ನು ಮಾಡಿದ್ರಿ. ಆಟದ ಕಾಗದ ಅಂತ ಹೇಳಿದ್ರೆ ಮಾಡ್ತಿದ್ರಾ? ಖಲಾಸ್, ಇನ್ನು ಸುಳ್ಳು ಬೇಡ. ಉಮ್ಮನ ಹತ್ರ ಇದ್ದದ್ದನ್ನು ಇದ್ದ ಹಾಗೆ ಹೇಳ್ತೇನೆ."

ಧ್ವನಿ ಎಂದಿನಂತೆ ಗಟ್ಟಿಯಾಗಿಯೇ ಇತ್ತು. ಆದರೆ ಮುಂದಿನ ಶುಕ್ರವಾರ ದರ್ಶನ ಇರಲಿಲ್ಲ, ಡಬ್ಬಿಗಳು ಆಗಲೇ ಹಡಗು ಹತ್ತಿದ್ದವು. ಹೊರಡುವ ದಿನ ಹಾಳೆಯನ್ನು ನಕ್ಷೆ ಇಡುವ ಕೊಳವೆಯೊಳಗೆ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದರು. ಏರ್‌ಪೋರ್ಟಿನಲ್ಲಿ ನನ್ನ ಗಂಡನನ್ನು ಅಪ್ಪಿಕೊಂಡರು. ನನಗೆ "ಯಲ್ಲಾ, ಬರ್ತೇನೆ ತಂಗಿ" ಎಂದರು. ಅಷ್ಟೇ. ಅವರು ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ನನಗೆ ತಿಳಿಯಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಮುದುಕಿ ಏನು ಹೇಳುವರೋ ಎಂಬ ಚಿಂತೆ ನನ್ನನ್ನು ತಿಂದಿತು. ನನ್ನ ಉಪಕಾರದಿಂದ ಒಬ್ಬ ತಾಯಿ ಕೊನೆಗಾಲದಲ್ಲಿ ಗಂಡನ ಮಾನ ಕಳೆದುಕೊಳ್ಳಬೇಕಾಯಿತಲ್ಲ ಎಂದು ಎಷ್ಟೋ ದಿನ ಊಟ ಸೇರಲಿಲ್ಲ.

ಎರಡು ತಿಂಗಳಾದ ಮೇಲೆ ರಜೆ ಮುಗಿಸಿ ಬಂದವರೊಬ್ಬರು ಒಂದು ಕ್ಯಾಸೆಟ್ ತಂದುಕೊಟ್ಟರು. ಆಗ ಗಲ್ಫಿನವರು ಊರಿಗೆ ಪತ್ರ ಬರೆಯುವುದಕ್ಕಿಂತ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುವುದೇ ಹೆಚ್ಚು. ಸಾಹೇಬರು ಉಮ್ಮನಿಗೆ ಹಾಗೇ ಕಳಿಸುತ್ತಿದ್ದರು, ಈಗ ಊರಿನಿಂದ ನನಗೆ ಕಳಿಸಿದ್ದರು. ಅಡಿಗೆಮನೆಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು, ಒಲೆ ಆರಿಸಿ, ನಿಂತೇ ಕೇಳಿದೆ. ಮೊದಲು ಗಂಟಲು ಸರಿಮಾಡಿಕೊಂಡ ಸದ್ದು. ಹಿಂದಿನಿಂದ ಮಕ್ಕಳ ಗಲಾಟೆ.

"ನಮಸ್ಕಾರ ತಂಗಿ. ಜಪಾನ್ ಸ್ಪೀಕಿಂಗ್. ನಿಮ್ಮ ಪ್ಲಾಸ್ಟಿಕ್ಕಿನ ವಿಷಯ ಹೇಳ್ಲಿಕ್ಕೆ ಈ ಕ್ಯಾಸೆಟ್. ಬಂದು ನಾಲ್ಕು ದಿನ ನಾನು ಕೊಳವೆ ಬಿಚ್ಚಲೇ ಇಲ್ಲ. ಧೈರ್ಯ ಬರಲಿಲ್ಲ. ಐದನೇ ದಿನ ಉಮ್ಮನೇ ಕೇಳಿದ್ರು. ಬಿಡಿಸಿ ಅವರ ಮಡಿಲಲ್ಲಿ ಇಟ್ಟೆ. ಕಣ್ಣು ಸರಿ ಕಾಣುವುದಿಲ್ಲ ಅವರಿಗೆ, ಕೈಯಲ್ಲಿ ಸವರಿದ್ರು. ನಾನು ಹೇಳಿದೆ. ಉಮ್ಮ, ಇದು ಸರ್ಟಿಫಿಕೇಟ್ ಅಲ್ಲ, ಮಕ್ಕಳು ದಾಳ ಹಾಕಿ ಆಡುವ ಆಟ. ಇಷ್ಟು ವರ್ಷ ನಾನು ನಿಮಗೆ ಸುಳ್ಳು ಹೇಳಿದ್ದು ಅಂತ. ಅವರು ಎಂತ ಹೇಳಿದ್ರು ಗೊತ್ತುಂಟಾ? ಆಟ ಅಂತ ನನಗೆ ಗೊತ್ತುಂಟು ಮಗಾ, ನಿನಗೆ ಯಾರು ಹೇಳಿದ್ದು, ಅಂತ ನನ್ನನ್ನೇ ಕೇಳಿದ್ರು."

ಟೇಪಿನಲ್ಲಿ ಕುರ್ಚಿ ಎಳೆದುಕೊಂಡು ಕೂತ ಸದ್ದು ಬಂತು.

"ನನಗೊಬ್ಬ ಅಣ್ಣ ಇದ್ದ ತಂಗಿ. ತಂದೆ ಪೆನಾಂಗಿಗೆ ಹೋಗುವಾಗ ಉಮ್ಮ ಬಸುರಿ. ಹುಟ್ಟಿದ್ದು ಮಗ ಅಂತ ತಂದೆಗೆ ಕಾಗದ ಹೋಗಿತ್ತು. ಅವ ನಾಲ್ಕು ವರ್ಷದವ ಇದ್ದಾಗ ಜ್ವರದಲ್ಲಿ ಹೋದ. ಆಗ ಯುದ್ಧ, ಟಪಾಲು ಬಂದ್. ಅವ ಹೋದ ಸುದ್ದಿಯ ಕಾಗದ ತಂದೆಗೆ ಮುಟ್ಟಲಿಲ್ಲ. ಅಲ್ಲಿ ಒಬ್ಬ ಜಪಾನಿ ಗುಮಾಸ್ತನ ಮನೆಯಲ್ಲಿ ತಂದೆ ಅಡಿಗೆಗೆ ಇದ್ದದ್ದಂತೆ. ಆ ಜಪಾನಿಗಳು ಊರು ಬಿಟ್ಟು ಹೋಗುವಾಗ, ನಿನ್ನ ಮಗನಿಗೆ ಕೊಡು ಅಂತ ಆ ಮನೆಯ ಮಕ್ಕಳ ಆಟವನ್ನು ಕೊಟ್ಟರಂತೆ. ತಂದೆ ಅದನ್ನು ಹಿಡ್ಕೊಂಡು ಬಂದು, ಬಾಗಿಲಲ್ಲೇ ನಿಂತು, ಹುಡುಗ ಎಲ್ಲಿ ಅಂತ ಕೇಳಿದ್ರಂತೆ. ಮತ್ತೆ ಎಷ್ಟೋ ಸಮಯ ಆ ಹಾಳೆಯನ್ನು ಯಾರೂ ಬಿಚ್ಚಲಿಲ್ಲ. ಬಿಸಾಡ್ಲಿಕ್ಕೂ ಆಗಲಿಲ್ಲ. ಉಮ್ಮ ಗಾಜು ಹಾಕಿಸಿದ್ರು. ದೊಡ್ಡಪ್ಪ ಸರ್ಟಿಫಿಕೇಟ್ ಅಂತ ಹೇಳಿದಾಗ ತಂದೆ ಸುಮ್ಮನಿದ್ರು, ಇವರೂ ಸುಮ್ಮನಿದ್ರು. ನೀವು ಮಕ್ಕಳೆಲ್ಲ ಅದನ್ನು ತೋರಿಸಿ ಖುಷಿ ಪಡ್ತಿದ್ರಿ, ನಾನ್ಯಾಕೆ ಹೇಳಿ ಅಳಿಸುವುದು ಅಂತ ಕೇಳಿದ್ರು. ಅಣ್ಣನ ಹೆಸರು ಸಹ ನನಗೆ ಗೊತ್ತಾದದ್ದು ಮೊನ್ನೆ."

ನಾನು ಟೇಪ್‌ರೆಕಾರ್ಡರಿನ ಸದ್ದು ಹೆಚ್ಚಿಸಿದೆ.

"ಮತ್ತೆ ಉಮ್ಮ ಇನ್ನೊಮ್ಮೆ ಸವರಿ ನೋಡಿ, ಇದು ಇನ್ನು ಹರಿಯುವುದಿಲ್ಲವಾ ಅಂತ ಕೇಳಿದ್ರು. ಇಲ್ಲ ಉಮ್ಮ, ನೀರು ಬಿದ್ದರೂ ಎಂತ ಆಗುವುದಿಲ್ಲ ಅಂದೆ. ಹಾಗಾದ್ರೆ ಮಕ್ಕಳನ್ನು ಕರಿ ಅಂದ್ರು. ಈಗ ಚಾವಡಿಯಲ್ಲಿ ನನ್ನ ಅಕ್ಕನ ಮೊಮ್ಮಕ್ಕಳು ಆಡ್ತಾ ಇದ್ದಾರೆ, ಕೇಳ್ತದಲ್ಲ. ಯಾವ ಮನೆಯಲ್ಲಿ ಎಂತ ಬರೆದದ್ದು ಅಂತ ನಾನು ಓದಿ ಹೇಳುವುದು. ಉಮ್ಮನೂ ಆಡ್ಲಿಕ್ಕೆ ಕೂತಿದ್ದಾರೆ. ಅವರಿಗೆ ಎರಡು ಕಾಯಿ ಬೇಕಂತೆ. ಒಂದು ಅವರದ್ದು, ಒಂದು ಅಣ್ಣನದ್ದು. ಅವನ ದಾಳ ಕೂಡ ಅವರೇ ಹಾಕುವುದು. ಅಜ್ಜಿಗೆ ಎರಡು ಸಲ ಯಾಕೆ ಅಂತ ಮಕ್ಕಳು ಜಗಳ ಮಾಡ್ತಾರೆ, ಇವರು ಕೇಳುವುದಿಲ್ಲ."

ದಾಳ ಉರುಳಿದ ಸದ್ದು ಬಂತು. ಯಾವುದೋ ಮಗು ಐದು ಎಂದು ಕೂಗಿತು. ಸಾಹೇಬರು ತಿರುಗಿ ನೋಡಿರಬೇಕು, ಧ್ವನಿ ಸ್ವಲ್ಪ ದೂರವಾಗಿ ಮತ್ತೆ ಹತ್ತಿರ ಬಂತು.

"ಅವನೇ ಮುಂದೆ ಇದ್ದಾನೆ ತಂಗಿ" ಎಂದರು.